ಬೆಂಗಳೂರಿನಿಂದ ಕ್ಯಾಂಟನ್‌ಗೆ: ದೂರ, ಅವಧಿ ಮತ್ತು ಇಳಿಯಬೇಕಾದ ನಿಲ್ದಾಣ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ಕ್ಯಾಂಟನ್‌ನಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೊರಡುವ ತಂದೆತಾಯಿಯರಿಗಾಗಿ ಟಿಕೆಟ್ ಹುಡುಕುವವರು ಊರಿನ ಹೆಸರಿನ ಬದಲು ಡೆಟ್ರಾಯಿಟ್ ನಿಲ್ದಾಣದ ಸಂಕೇತವಾದ ಡಿಟಿಡಬ್ಲ್ಯೂ ಎಂಬುದನ್ನೇ ನಮೂದಿಸುವುದು ಕ್ಷೇಮ. ಕ್ಯಾಂಟನ್ ಎಂದಷ್ಟೇ ಬರೆದರೆ ಒಹಾಯೊ ರಾಜ್ಯದ ಆಕ್ರನ್-ಕ್ಯಾಂಟನ್ ನಿಲ್ದಾಣವೋ, ಹಿಂದೆ ಕ್ಯಾಂಟನ್ ಎನಿಸಿಕೊಂಡಿದ್ದ ಚೀನಾದ ಗುವಾಂಗ್‌ಜೌ ನಗರವೋ ಎದುರಾಗಬಹುದು.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಡೆಟ್ರಾಯಿಟ್‌ಗೂ ನಡುವಿನ ಮಹಾವೃತ್ತ ದೂರ, ಅಂದರೆ ಗೋಳದ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರ, ಸುಮಾರು 13,550 ಕಿ.ಮೀ. ಗೋಡೆಯ ಭೂಪಟದಲ್ಲಿ ಈ ಗೆರೆ ಅರಬ್ಬಿ ಸಮುದ್ರ, ಅಟ್ಲಾಂಟಿಕ್‌ಗಳನ್ನು ದಾಟಿ ಪಶ್ಚಿಮಕ್ಕೆ ಸಾಗಬೇಕೆಂದು ತೋರಿದರೂ, ವಾಸ್ತವವಾಗಿ ಅದು ಮಧ್ಯ ಏಷ್ಯಾ, ರಷ್ಯಾಗಳ ಮೇಲೆ ಉತ್ತರಕ್ಕೇರಿ, ಸುಮಾರು 74 ಡಿಗ್ರಿ ಅಕ್ಷಾಂಶವನ್ನು ಮುಟ್ಟಿ, ಗ್ರೀನ್‌ಲ್ಯಾಂಡ್, ಕೆನಡಾಗಳ ಮೂಲಕ ದಕ್ಷಿಣಕ್ಕೆ ಇಳಿಯುತ್ತದೆ. ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ 7,400 ಮತ್ತು 6,680 ಕಿ.ಮೀ.ಗಳ ಎರಡು ಹಂತ ಸೇರಿ 14,080 ಕಿ.ಮೀ. ಆಗುವುದರಿಂದ, ಸುತ್ತುದಾರಿಯೆಂದು ಕಾಣುವ ಈ ಮಾರ್ಗಕ್ಕೆ ತಗಲುವ ಹೆಚ್ಚುವರಿ ದೂರ ಅರ್ಧ ಸಾವಿರ ಕಿ.ಮೀ.ಗಿಂತ ತುಸು ಮಾತ್ರ ಜಾಸ್ತಿ.

ಹಾರಾಟದ ಅವಧಿ ಹೋಗುವಾಗ ಹತ್ತೊಂಬತ್ತು ಗಂಟೆಯ ಆಸುಪಾಸಿನಲ್ಲಿದ್ದು, ಕಾಯುವ ಹೊತ್ತು ಸೇರಿ ಒಟ್ಟು ಪ್ರಯಾಣ ಇಪ್ಪತ್ತೆರಡು ಗಂಟೆಯನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಎಂಬ ವೇಗದ ಗಾಳಿ ಹಿಂದಿನಿಂದ ತಳ್ಳುವುದರಿಂದ ಮರಳುವಾಗ ಈ ಅವಧಿ ಕಡಿಮೆಯಾಗುತ್ತದೆ. ಡೆಟ್ರಾಯಿಟ್‌ನ ಗಡಿಯಾರ ಭಾರತಕ್ಕಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿದ್ದರೆ, ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸೋಮವಾರ ನಸುಕಿನ 3ಕ್ಕೆ ಹೊರಟು ಇಪ್ಪತ್ತೆರಡು ಗಂಟೆ ಪ್ರಯಾಣಿಸಿದವರು ಅದೇ ಸೋಮವಾರ ಮಧ್ಯಾಹ್ನ 3.30ಕ್ಕೆ ಇಳಿಯುತ್ತಾರೆ.

ಟಿಕೆಟ್ ಆರಿಸುವಾಗ ದರಕ್ಕಿಂತಲೂ ಮುಖ್ಯವಾಗಿ ಗಮನಿಸಬೇಕಾದದ್ದು ಅಮೆರಿಕದ ನೆಲವನ್ನು ಮೊದಲು ಮುಟ್ಟುವ ಊರು. ದೇಶಪ್ರವೇಶಕ್ಕೆ ಅನುಮತಿ ನೀಡುವ ವಲಸೆ ತಪಾಸಣೆ ಸಾಮಾನ್ಯವಾಗಿ ಆ ಮೊದಲ ನಿಲ್ದಾಣದಲ್ಲೇ ನಡೆಯುವುದರಿಂದ, ಷಿಕಾಗೊ ಮೂಲಕ ಬರುವವರು ಅಲ್ಲಿಯೇ ಪೆಟ್ಟಿಗೆಗಳನ್ನು ಬಿಡಿಸಿಕೊಂಡು, ಸುಂಕದ ತಪಾಸಣೆ ಮುಗಿಸಿ, ಅವನ್ನು ಮತ್ತೆ ಒಪ್ಪಿಸಿ ಡೆಟ್ರಾಯಿಟ್‌ನ ವಿಮಾನ ಹಿಡಿಯಬೇಕಾಗುತ್ತದೆ. ಆದರೆ ಅಬುಧಾಬಿಯ ಮೂಲಕ ಬರುವ ಎತಿಹಾದ್ ಪ್ರಯಾಣಿಕರು ಈ ತಪಾಸಣೆಯನ್ನು ಅಲ್ಲಿಯೇ ಮುಗಿಸಿಕೊಳ್ಳಬಹುದು. ಇಂಗ್ಲಿಷ್‌ನಲ್ಲಿ ವ್ಯವಹರಿಸಲು ಅಳುಕುವ ಹಿರಿಯರಿಗೆ, ನಾಲ್ಕು ಕಾಸು ಹೆಚ್ಚಾದರೂ, ಮೊದಲ ಬಾರಿಗೆ ಡೆಟ್ರಾಯಿಟ್‌ನಲ್ಲೇ ಇಳಿಯುವ ಟಿಕೆಟ್ ಮೇಲು. ಹಾಗೆ ಇಳಿದವರ ಉಪ್ಪಿನಕಾಯಿ, ಸಾರಿನ ಪುಡಿಗಳನ್ನು ಘೋಷಣೆ ಮಾಡಿದರೆ ಸಾಮಾನ್ಯವಾಗಿ ಬಿಡುತ್ತಾರೆ. ನಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟದ ಭಯದಿಂದ ಹಸಿ ಕರಿಬೇವಿನ ಸೊಪ್ಪಿಗೆ ಮಾತ್ರ ಪ್ರವೇಶವಿಲ್ಲ.

ಡೆಟ್ರಾಯಿಟ್ ನಿಲ್ದಾಣವಿರುವ ರಾಮ್ಯುಲಸ್‌ನಿಂದ ಕ್ಯಾಂಟನ್‌ಗೆ 275ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಉತ್ತರಕ್ಕೆ ಇಪ್ಪತ್ತು ನಿಮಿಷದ ದಾರಿ. ಮಿಷಿಗನ್ ಅವೆನ್ಯೂ ಅಥವಾ ಫೋರ್ಡ್ ರಸ್ತೆಯ ತಿರುವಿನಲ್ಲಿ ಇಳಿಯಬೇಕು. ಕರೆದೊಯ್ಯಲು ಬರುವವರಿಗೆ ಟರ್ಮಿನಲ್‌ನ ಹೆಸರನ್ನು ಮೊದಲೇ ತಿಳಿಸಿರುವುದು ಅವಶ್ಯ: ಡೆಲ್ಟಾ ಸಂಸ್ಥೆಯ ವಿಮಾನಗಳು ಮೆಕ್‌ನಮಾರಾ ಟರ್ಮಿನಲ್‌ಗೂ ಲುಫ್ತಾನ್ಸಾದ ವಿಮಾನಗಳು ಎವನ್ಸ್ ಟರ್ಮಿನಲ್‌ಗೂ ಬರುತ್ತವೆ.