ಖಾನಾವಳಿಯ ಗ್ಯಾಸ್ ಒಲೆ: ಹೊತ್ತಿಸುವ ಮುನ್ನ ತಿಳಿದಿರಬೇಕಾದ ಕಾನೂನು

ಧಾರವಾಡ ಜಿಲ್ಲೆಯ ಗರಗದಂಥ ಊರಿನಲ್ಲಿ ಖಾನಾವಳಿಯನ್ನೋ ಮಿರ್ಚಿ-ಗಿರ್ಮಿಟ್ ಅಂಗಡಿಯನ್ನೋ ತೆರೆಯುವವರು ಮೊದಲು ಯೋಚಿಸುವುದು ಬಾಡಿಗೆ, ಮುಂಗಡ, ಪಾತ್ರೆ-ಪಡಗಗಳ ಬಗ್ಗೆ. ಗ್ಯಾಸ್ ಸಂಪರ್ಕದ ಮಾತು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಮನೆಯ ಕೆಂಪು ಸಿಲಿಂಡರ್ ಇದ್ದೇ ಇದೆ ಎಂಬ ಧೈರ್ಯ. ತೊಂದರೆ ಶುರುವಾಗುವುದೇ ಇಲ್ಲಿ.

ಕೆಂಪು ಮನೆಗೆ, ನೀಲಿ ಅಂಗಡಿಗೆ

14.2 ಕೆ.ಜಿ.ಯ ಕೆಂಪು ಸಿಲಿಂಡರ್ ಮನೆಬಳಕೆಗೆ ಮಾತ್ರ. ವ್ಯಾಪಾರಕ್ಕೆ 19 ಕೆ.ಜಿ.ಯ ನೀಲಿ ಸಿಲಿಂಡರ್ ಬೇಕು. ಎಲ್‌ಪಿಜಿ ಪೂರೈಕೆ ಮತ್ತು ವಿತರಣೆ ಕುರಿತ 2000ರ ಕೇಂದ್ರ ಆದೇಶ ಈ ಗೆರೆ ಎಳೆದಿದೆ. ಅದನ್ನು ದಾಟಿದರೆ ಅಗತ್ಯ ವಸ್ತುಗಳ ಕಾಯ್ದೆ, 1955ರ 7ನೇ ಕಲಮಿನಡಿ ಮೊಕದ್ದಮೆ ಹೂಡಬಹುದು, ಸಿಲಿಂಡರ್ ಜಪ್ತಿ ಮಾಡಬಹುದು.

ಜಪ್ತಿಗಿಂತ ದೊಡ್ಡ ಏಟು ಬೀಳುವುದು ಅವಘಡವಾದಾಗ. ತೈಲ ಕಂಪನಿಗಳು ತಮ್ಮ ಗ್ರಾಹಕರ ಪರವಾಗಿ ವಿಮೆ ಮಾಡಿಸಿರುತ್ತವೆ, ಗ್ರಾಹಕರು ಕಂತು ಕಟ್ಟಬೇಕಿಲ್ಲ. ಸರ್ಕಾರ ಸಂಸತ್ತಿಗೆ ತಿಳಿಸಿರುವಂತೆ, ಗ್ಯಾಸ್‌ನಿಂದಾದ ಅವಘಡದಲ್ಲಿ ಸಾವಿಗೆ 6 ಲಕ್ಷ ರೂಪಾಯಿ, ಗಾಯಾಳುವಿನ ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ ಪರಿಹಾರವಿದೆ. ಆಸ್ತಿ ಹಾನಿಯ ಪರಿಹಾರ ಸಿಗುವುದು ನೋಂದಾಯಿತ ವಿಳಾಸದಲ್ಲಿ ನಡೆದ ಅವಘಡಕ್ಕೆ ಮಾತ್ರ. ಮನೆಯ ಹೆಸರಿನ ಸಿಲಿಂಡರ್ ಅಂಗಡಿಯಲ್ಲಿ ಹೊತ್ತಿದರೆ ಸುಟ್ಟ ಅಂಗಡಿಗೆ ಅಲ್ಲಿಂದ ಬಿಡಿಗಾಸೂ ಬರುವುದಿಲ್ಲ.

ಜೋಡಿಸುವಾಗ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೇರದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಗಟಾರಿನಲ್ಲಿ ನಿಲ್ಲುತ್ತದೆ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದ ಗುಡಿಯೊಂದರಲ್ಲಿ ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳು ಹೀಗೆ ಸೋರಿದ ಗ್ಯಾಸ್‌ನ ಬೆಂಕಿಗೆ ಸಿಕ್ಕರು. ಗಾಯಗೊಂಡ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಉಳಿಯಲಿಲ್ಲ. ಆದ್ದರಿಂದ:

• ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಗಾಳಿ ಹೋಗುವ ಕಿಂಡಿ ನೆಲಮಟ್ಟದಲ್ಲೂ ಇರಲಿ. ಸಿಲಿಂಡರ್ ಇಟ್ಟ ಕೋಣೆಯಲ್ಲಿ ಯಾರೂ ಮಲಗಬಾರದು.

• ಒಂದಕ್ಕಿಂತ ಹೆಚ್ಚು ಸಿಲಿಂಡರ್ ಜೋಡಿಸುವುದಾದರೆ ಐಎಸ್ 6044 ಮಾನಕದಂತೆ, ವಿತರಕರು ಒಪ್ಪಿದ ತಂತ್ರಜ್ಞರಿಂದಲೇ ಪೈಪ್ ಹಾಕಿಸಿ. ಪ್ರತಿ ಒಲೆಗೂ ಬೇರೆ ವಾಲ್ವ್ ಇರಲಿ. ಸೋರಿಕೆಯನ್ನು ಸಾಬೂನಿನ ನೀರು ಹಚ್ಚಿ ನೋಡಬೇಕು, ಕಡ್ಡಿ ಗೀರಿ ಅಲ್ಲ. ರಾಷ್ಟ್ರಧ್ವಜದ ಬಟ್ಟೆಯನ್ನು ಮಾನಕದ ಪ್ರಕಾರ ನೇಯ್ದ ಗರಗಕ್ಕೆ ಐಎಸ್‌ಐ ಗುರುತು ಹೊಸದಲ್ಲ. ರೆಗ್ಯುಲೇಟರ್, ರಬ್ಬರ್ ಕೊಳವೆ ಕೊಳ್ಳುವಾಗಲೂ ಅದನ್ನೇ ನೋಡಿ.

• ಗ್ಯಾಸ್ ಸಿಲಿಂಡರ್ ನಿಯಮಗಳು, 2016ರಂತೆ 100 ಕೆ.ಜಿ. ಮೀರಿದ ಗ್ಯಾಸ್ ಸಂಗ್ರಹಕ್ಕೆ ಪರವಾನಗಿ ಬೇಕು. ಐದು ನೀಲಿ ಸಿಲಿಂಡರ್‌ಗಳಿಗೆ 95 ಕೆ.ಜಿ., ಆರನೆಯದು ಬಂದರೆ 114. ಜಾತ್ರೆಗೆಂದು ಹೆಚ್ಚುವರಿ ತರಿಸುವವರು ಈ ಲೆಕ್ಕ ಮರೆಯಬಾರದು.

• ಸಿಲಿಂಡರ್ ಇಳಿಸಿಕೊಳ್ಳುವಾಗ ತೂಕ ಮಾಡಿಸಿ, ಸೀಲ್ ನೋಡಿ. ಇದು ಗ್ರಾಹಕರ ಹಕ್ಕು. ಕುತ್ತಿಗೆಯ ಪಟ್ಟಿಯಲ್ಲಿ 'ಸಿ-27' ಎಂದಿದ್ದರೆ 2027ರ ಜುಲೈ-ಸೆಪ್ಟೆಂಬರ್‌ನಲ್ಲಿ ಮರುಪರೀಕ್ಷೆಯಾಗಬೇಕು. ಅವಧಿ ಮುಗಿದಿದ್ದರೆ ವಾಪಸ್ ಕಳಿಸಿ.

ಅಂಗಡಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ, ಆಹಾರ ಸುರಕ್ಷತಾ ನೋಂದಣಿ ಕೂಡ ಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ರಾಜ್ಯದ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು.

ಸಾಮಾನು ದೋಷದ್ದಾದರೆ

'ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕರ ಆಯೋಗಕ್ಕೆ ಹೋಗಲಾಗದು' ಎಂದು ಮಾರಿದವರು ಹೆದರಿಸುವುದುಂಟು. ಸ್ವಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸುವವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಗ್ರಾಹಕರೆಂದೇ ಒಪ್ಪುತ್ತದೆ. ಎರಡು ವರ್ಷದೊಳಗೆ ಧಾರವಾಡದ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ 15100.

ನೆರೆಮನೆಯವರಿಗೂ ಹಕ್ಕಿದೆ. ಪಕ್ಕದ ಅಂಗಡಿಯ ಗ್ಯಾಸ್ ಸಂಗ್ರಹ ಜೀವಕ್ಕೆ ಅಪಾಯವೆನಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅದನ್ನು ತೆರವುಗೊಳಿಸುವಂತೆ ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಕೊಡಬಹುದು.

ಸೋರಿಕೆಯಾದರೆ

ವಾಲ್ವ್ ಮುಚ್ಚಿ. ಸ್ವಿಚ್ ಮುಟ್ಟಬೇಡಿ, ಬಾಗಿಲು ತೆರೆದು ಹೊರಬನ್ನಿ, ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಬೆಂಕಿ ಹತ್ತಿದ್ದರೆ 112. ಬಳಿಕ ತಡಮಾಡದೆ ವಿತರಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪೊಲೀಸರಿಗೂ ದೂರು ಕೊಡಿ. ವಿಮೆಯ ಕೆಲಸ ವಿತರಕರ ಮೂಲಕವೇ ಸಾಗುತ್ತದೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ.

ಸಂಪರ್ಕದ ಪತ್ರ, ಸಿಲಿಂಡರ್ ಬಿಲ್ಲು, ಪೈಪ್ ಹಾಕಿದವರ ರಸೀದಿ, ಪರವಾನಗಿ, ಇವುಗಳ ಒಂದೊಂದು ಪ್ರತಿ ಮನೆಯಲ್ಲಿರಲಿ. ಅಂಗಡಿಯ ಗಲ್ಲೆಯಲ್ಲಷ್ಟೇ ಇಟ್ಟರೆ, ಬೇಕಾದ ದಿನ ಅವೂ ಬೂದಿಯಾಗಿರುತ್ತವೆ.