ಬೋಸ್ಟನ್ನಿನ ಚಾ, ನಮ್ಮ ಕಾಟುಕಾಯಿ

ಮರ್ಕಂಜ

ಚಿರಂಜೀವಿ ಪುಟ್ಟನಿಗೆ,

ಬೋಸ್ಟನ್ನಿನ ಮ್ಯೂಸಿಯಂ ಹಡಗಿನ ಮೇಲೆ ನಿಂತು ನೀನು ಚಾ ಪೆಟ್ಟಿಗೆ ಎಸೆಯುವ ಪಟ ಬಂತು. ಪೆಟ್ಟಿಗೆಗೆ ಹಗ್ಗ ಕಟ್ಟಿದ್ದಾರಲ್ಲ, ಬಿಸಾಡಿದ್ದನ್ನು ಎಳೆದು ಮುಂದಿನವನ ಕೈಗೆ ಕೊಡಲಿಕ್ಕೆ! ಅಜ್ಜಿ ಬಿದ್ದು ಬಿದ್ದು ನಕ್ಕಳು.

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ನಿನವರು ನಿಜಕ್ಕೂ ನೀರಿಗೆ ಎಸೆದದ್ದು 342 ಪೆಟ್ಟಿಗೆ. ಚಾ ಯಾರದ್ದು ಗೊತ್ತುಂಟಾ? ಈಸ್ಟ್ ಇಂಡಿಯಾ ಕಂಪನಿಯದ್ದು. ನಮ್ಮವರು 'ಕುಂಪಣಿ' ಎನ್ನುತ್ತಿದ್ದರಲ್ಲ, ಅದೇ. 1834ರಲ್ಲಿ ಕೊಡಗಿನ ಚಿಕ್ಕವೀರರಾಜನನ್ನು ಇಳಿಸಿ, ನಮ್ಮ ಅಮರ ಸುಳ್ಯವನ್ನೂ ಪುತ್ತೂರನ್ನೂ ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ್ದೂ ಅದೇ ಕುಂಪಣಿ. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಹಣದಲ್ಲೇ ಕಟ್ಟಿ ಎಂದರು. ಗದ್ದೆಯವನ ಹತ್ತಿರ ಭತ್ತ ಇದ್ದೀತು, ರೊಕ್ಕ ಎಲ್ಲಿಂದ ಬರಬೇಕು? ಇವತ್ತು ಹಳದಿ ಎಲೆ ರೋಗ ಬಡಿದ ತೋಟ ನೋಡಿಕೊಂಡು ಬ್ಯಾಂಕಿನ ಕಂತು ಲೆಕ್ಕ ಹಾಕುವ ನನಗೆ ಅವರ ಸಂಕಟ ಬೇಗ ಅರ್ಥವಾಗುತ್ತದೆ.

1837ರಲ್ಲಿ ಎದ್ದರು. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಎಂದು ಕರೆಸಿಕೊಂಡವ, ಇನ್ನೂ ಎಷ್ಟೋ ಜನ. ಏಪ್ರಿಲ್ 5ಕ್ಕೆ ಮಂಗಳೂರಿನಲ್ಲಿ ಕುಂಪಣಿಯ ಬಾವುಟ ಇಳಿಯಿತು, ಇವರದ್ದು ಏರಿತು. ಆ ಜಾಗ ಇವತ್ತಿಗೂ ಬಾವುಟಗುಡ್ಡೆ. ಹೆಚ್ಚು ದಿನ ನಿಲ್ಲಲಿಲ್ಲ. ಸೈನ್ಯ ಬಂತು, ಮುಖಂಡರಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ನಿನಗೆ ಹೇಳಬೇಕಾದದ್ದು ಆಮೇಲಿನ ಕಥೆ. ಈ ದಂಗೆಗೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟುಕಾಯಿ'. ಕಾಟುಕಾಯಿ ಎಂದರೆ ಲೂಟಿ. ನಮ್ಮ ಮನೆಯ ಹಿರಿಯರೂ ಹಾಗೆಯೇ ಹೇಳಿ, ಪಕ್ಕನೆ ಮಾತು ಬದಲಿಸುತ್ತಿದ್ದರು. ಗೆದ್ದವನು ಇಟ್ಟ ಹೆಸರನ್ನು ಸೋತವನ ಮೊಮ್ಮಕ್ಕಳೂ ಬಾಯಿಪಾಠ ಮಾಡಿದರು, ನೋಡು. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದ ಮೇಲೆ ನನ್ನಂಥವರಿಗೆ ಸ್ವಲ್ಪ ಕಣ್ಣು ತೆರೆಯಿತು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರಿನಲ್ಲಿ. 185 ವರ್ಷ!

ನಿಮ್ಮ ಬೋಸ್ಟನ್ನಿನವರು ಹುಟ್ಟಿನಿಂದಲೇ ಜಂಬ ಕೊಚ್ಚಿಕೊಂಡವರು ಎಂದುಕೊಳ್ಳಬೇಡ. ವೇಷ ಹಾಕಿ ಚಾ ಚೆಲ್ಲಿದವರಲ್ಲಿ ಹೆಚ್ಚಿನವರು ದಶಕಗಟ್ಟಲೆ ಬಾಯಿ ಬಿಡಲಿಲ್ಲ. ಆಗ ಅದನ್ನು 'ಚಾ ನಾಶ' ಎನ್ನುತ್ತಿದ್ದರೇ ಹೊರತು 'ಟೀ ಪಾರ್ಟಿ' ಎಂಬ ಹೆಸರೇ ಇರಲಿಲ್ಲ. ಆ ಹೆಸರು ಹೊತ್ತ ಪುಸ್ತಕ ಬಂದದ್ದು 1834ರಲ್ಲಿ, ಕೊಡಗು ಹೋದ ವರ್ಷವೇ! ಅದರ ನಾಯಕ ಜಾರ್ಜ್ ಹ್ಯೂಸ್ ಎಂಬ ಬಡ ಚಪ್ಪಲಿ ಹೊಲಿಯುವವ. ಅಷ್ಟೊತ್ತಿಗೆ ತೊಂಬತ್ತು ದಾಟಿದ ಮುದುಕ. ದೊಡ್ಡವರ ಪ್ರತಿಮೆಗಳ ಊರಿನಲ್ಲಿ ನನಗೆ ಇವನೇ ಇಷ್ಟ. ಆ ರಾತ್ರಿಯ ಕಥೆ ಹೇಳಲು ಅವನಾದರೂ ಬದುಕಿ ಉಳಿದಿದ್ದ. ನಮ್ಮಲ್ಲಿ ಪಂಜು ಹಿಡಿದು ಮಂಗಳೂರಿಗೆ ನಡೆದ ಹೆಸರಿಲ್ಲದವರನ್ನು ಯಾರೂ ಕೂರಿಸಿ ಕೇಳಲಿಲ್ಲ.

ಡಿಸೆಂಬರಿಗೆ ಬಂದಾಗ ಬಾವುಟಗುಡ್ಡೆಗೆ ಒಟ್ಟಿಗೆ ಹೋಗೋಣ. ಹ್ಯೂಸನ ಪುಸ್ತಕ ಸಿಕ್ಕಿದರೆ ತಾ. ಚಾ ಪುಡಿ ಬೇಡ, ಅಜ್ಜಿ ಬೈಯುತ್ತಾಳೆ.

ಇಂತಿ,
ನಿನ್ನ ಅಜ್ಜ