ಒಂದೂವರೆ ಸೆಕೆಂಡಿನ ಲೆಕ್ಕ

ಕಬ್ಬಿನ ಸೀಸನ್‌ನಲ್ಲಿ ರಾತ್ರಿ ತೇರದಾಳದಿಂದ ಜಮಖಂಡಿ ಕಡೆ ಹೊರಟರೆ ಮುಂದೆ ಸಿಗೋದು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್. ಹಿಂದೆ ಲೈಟ್ ಇಲ್ಲದಿದ್ದರೆ ಹತ್ತಿರ ಹೋದ ಮೇಲೇ ಕಾಣೋದು. ಆಗ ನಮ್ಮ ಅಜ್ಜಂದಿರು ಎಷ್ಟು ಬೇಗ ಬ್ರೇಕ್ ಒತ್ತುತ್ತಾರೆ? ರಸ್ತೆ ಮೇಲೆ ಪರೀಕ್ಷೆ ಮಾಡೋಕಾಗಲ್ಲ. ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಮಾಡಬಹುದು.

ಪರದೆ ಮೇಲೆ ಟ್ರ್ಯಾಕ್ಟರ್ ಕಂಡ ಕ್ಷಣದಿಂದ ಪೆಡಲ್ ಒತ್ತುವವರೆಗಿನ ಸಮಯವನ್ನು ಅದು ಅಳೆಯುತ್ತದೆ. ವಯಸ್ಸಾದಂತೆ ಈ ಸಮಯ ಹೆಚ್ಚುತ್ತದೆ. ನಮಗೆ 1 ಸೆಕೆಂಡ್, ಅಜ್ಜನಿಗೆ 1.5 ಅಂದ್ಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತುವ ಮುಂಚೆಯೇ ನಮ್ಮ ಕಾರು 16.7 ಮೀಟರ್, ಅಜ್ಜನದು 25 ಮೀಟರ್ ಹೋಗಿರುತ್ತದೆ. ಅಜ್ಜ ವೇಗವನ್ನು 40ಕ್ಕೆ ಇಳಿಸಿದರೆ? ಅದೇ 16.7 ಮೀಟರ್! ತರಬೇತಿಯಲ್ಲಿ ಕಲಿಸಬೇಕಾದದ್ದು ಇದನ್ನೇ.

40 ವರ್ಷ ದಾಟಿದವರು ಲೈಸೆನ್ಸ್ ರಿನ್ಯೂ ಮಾಡಿಸೋಕೆ ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ಕಣ್ಣು, ಕಿವಿ, ಕೈಕಾಲು ನೋಡುತ್ತಾರೆ. ರಿಯಾಕ್ಷನ್ ಟೈಮ್ ನೋಡುವುದು ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ ಮಾತ್ರ.

ಒಂದು ಎಚ್ಚರಿಕೆ: ಸಿಮ್ಯುಲೇಟರ್‌ನಲ್ಲಿ ಕಣ್ಣಿಗೆ ಕಾರು ಓಡುತ್ತಿರುತ್ತದೆ, ಮೈ ಕೂತಲ್ಲೇ ಇರುತ್ತದೆ. ಹಿರಿಯರಿಗೆ ಇದರಿಂದ ತಲೆಸುತ್ತು, ವಾಕರಿಕೆ ಹೆಚ್ಚು. ನೇರ ರಸ್ತೆಯಿಂದ ಶುರು ಮಾಡಿ, ತಿರುವುಗಳನ್ನು ಆಮೇಲೆ ಕೊಡಬೇಕು.

ಕೀಲಿ ಕಸಿದುಕೊಂಡರೆ ಅಜ್ಜ ಆಸ್ಪತ್ರೆಗೆ ಹೋಗೋಕೂ ಇನ್ನೊಬ್ಬರಿಗೆ ಕಾಯಬೇಕು. ಅದಕ್ಕೂ ಮೊದಲು ಈ ಲೆಕ್ಕವನ್ನು ಅವರಿಗೇ ತೋರಿಸೋಣ.